ಚಿನ್ನುವಿನ ಕಣ್ಣಿಗೆ ಒಂದು ಪದ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನೀನು ತರಗತಿಯಲ್ಲಿರುವೆ, ಫೋನ್ ಎತ್ತುವುದಿಲ್ಲ. ಅದಕ್ಕೇ ಈ ಮೇಲ್. ಇಂಗ್ಲಿಷ್ ಪಾಠ ಹೇಳುವವಳು ನೀನು. ಸಂಜೆಯೊಳಗೆ ನನಗೊಂದು ಪದ ಬೇಕು.

ಚಿನ್ನುವಿನ ಎಡಗಣ್ಣಿನಲ್ಲಿ ಏನೋ ಹೊಳೆಯುತ್ತದೆ. ಹಾಲು ಕುಡಿಸುವಾಗ, ಬೆಳಕು ಓರೆಯಾಗಿ ಬಿದ್ದರೆ ಮಾತ್ರ, ಪಾಪೆಯೊಳಗೆ ಬೆಳ್ಳಗೆ ಕಂಡು ಮರೆಯಾಗುತ್ತದೆ. ಫೋಟೊಗೆ ಸಿಗುವುದಿಲ್ಲ. ಇವರು, "ನಿದ್ದೆಗೆಟ್ಟೋಳಿಗೆ ಗೋಡೆ ಮೇಲೂ ಹುಲಿ ಕಾಣತ್ತೆ, ಸ್ವಲ್ಪ ಮಲ್ಕೋ" ಎಂದರು. ಅತ್ತೆ, "ಕಣ್ಣು ಹೊಳೀದೆ ಮೂಗು ಹೊಳೆಯತ್ತೇನೆ?" ಎಂದು ನಕ್ಕರು.

ಮಕ್ಕಳ ಡಾಕ್ಟರಿಗೂ ಕಾಣಲಿಲ್ಲ. "ಸಮಾಧಾನ ಇಲ್ದಿದ್ರೆ ಕಣ್ಣಿನ ದೊಡ್ಡಾಸ್ಪತ್ರೆಗೆ ಬರೀರಮ್ಮ. ಇಂಗ್ಲಿಷಲ್ಲೇ ಬರೀಬೇಕು. ತುರ್ತು ಅನ್ಸಿದ್ರೆ ಕೂಡ್ಲೇ ಕರೀತಾರೆ" ಎಂದರು. ಡಿಗ್ರಿ ಓದಿದವಳಲ್ಲವೇ ನಾನು, ಮಗುವಿನ ಕಣ್ಣು 'ಸ್ಪಾರ್ಕಲ್' ಆಗುತ್ತದೆ ಎಂದು ಬರೆದು ಕಳಿಸಿದೆ. ಉತ್ತರ ಬಂತು: ಆರೋಗ್ಯವಂತ ಮಕ್ಕಳ ಕಣ್ಣು ಹಾಗೇ ಇರುತ್ತದೆ, ಸಂತೋಷ, ಮಗುವಿಗೆ ವರ್ಷ ತುಂಬಿದ ಮೇಲೆ ತನ್ನಿ.

ಆಮೇಲೆ ನಿಘಂಟು ಹಿಡಿದು ಕೂತೆ. ಟ್ವಿಂಕಲ್ ನಕ್ಷತ್ರದ ಹಾಗೆ ಮಿಣುಕುವುದು, ಇದು ಮಿಣುಕುವುದಿಲ್ಲ. ಗ್ಲಿಂಟ್ ಚೂರಿಯ ಅಲಗಿನ ಮೇಲೆ ಫಕ್ಕನೆ ಮಿಂಚುವುದು. ಇದು ಮೇಲಿನದಲ್ಲ, ಆಳದ್ದು. ಗ್ಲೋ ಎಂದರೆ ಕೆಂಡದ ಹಾಗೆ ತಾನಾಗಿ ಬೆಳಗುವುದು. ಇದಕ್ಕೆ ಹೊರಗಿನ ಬೆಳಕು ಬೇಕು. ಗ್ಲೀಮ್ ಸರಿಹೋಯಿತು ಅಂದುಕೊಂಡರೆ, ಕಣ್ಣಿನ ವಿಷಯದಲ್ಲಿ ಅದು ಖುಷಿಯ ಹೊಳಪಂತೆ. ಇವೆಲ್ಲ ಯಾಕೆ ಇಷ್ಟು ಚೆಂದದ ಪದಗಳು, ಅಕ್ಕ? ನೋಡಿದ ತಾಯಿಯ ಎದೆ ಧಸಕ್ಕೆನ್ನುವಂಥ ಹೊಳಪು ಆ ಭಾಷೆಯವರ ಮಕ್ಕಳಿಗೆ ಬರುವುದೇ ಇಲ್ಲವೇ?

ಕತ್ತಲಲ್ಲಿ ಬೆಕ್ಕಿನ ಮುಖಕ್ಕೆ ಟಾರ್ಚ್ ಬಿಟ್ಟರೆ ಕಣ್ಣಿನೊಳಗಿಂದ ಬೆಳಕು ವಾಪಸು ಬರುತ್ತದಲ್ಲ, ಅದು. ಪದ ಸಿಗದಿದ್ದರೆ ನಾಚಿಕೆ ಬಿಟ್ಟು ಹಾಗೇ ಬರೆಯುತ್ತೇನೆ: ನನ್ನ ಮಗುವಿಗೆ ಬೆಕ್ಕಿನ ಕಣ್ಣು ಬಂದಿದೆ, ದಯವಿಟ್ಟು ನಾಳೆಯೇ ನೋಡಿ.

ನನಗೆ ಹುಚ್ಚು ಎನ್ನುವುದಾದರೆ ಅನ್ನು. ಉತ್ತರ ಮಾತ್ರ ಇಂದೇ ಬರೆ.

ನಿನ್ನ
ತಂಗಿ

ಮರೆತ ವಿಷಯ: ಮನೆಯಲ್ಲಿ ಯಾರಿಗಾದರೂ ಎಳವೆಯಲ್ಲೇ ಕಣ್ಣು ಹೋಗಿತ್ತಾ ಎಂದು ಡಾಕ್ಟರು ಕೇಳಿದ್ದರು; ಕೆಲವೊಮ್ಮೆ ಇಂಥದ್ದು ವಂಶದಲ್ಲಿ ಬರುತ್ತದಂತೆ. ಇಲ್ಲ ಎಂದುಬಿಟ್ಟೆ. ಅಮ್ಮನ ಗಾಜಿನ ಕಣ್ಣು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಮನೆಗೆ ಬಂದ ಮೇಲಷ್ಟೇ ನೆನಪಾಯಿತು. ಚಿಕ್ಕವಳಿದ್ದಾಗ ಬಿದ್ದು ಕಣ್ಣು ಹೋಯಿತು ಎಂದೇ ಅಲ್ಲವೇ ನಮಗೆ ಹೇಳಿದ್ದು? ಕೇಳೋಣವೆಂದರೆ ಈಗ ಅಮ್ಮ ಇಲ್ಲ. ಅಕ್ಕ, ಪದ ಆಮೇಲೆ ಹುಡುಕು. ಮೊದಲು ಮನೆಗೆ ಹೋಗಿ ನಿನ್ನ ಪುಟ್ಟಿಯ ಕಣ್ಣು ನೋಡು, ಎರಡೂ.