ಕತ್ತರಿ ಬಿದ್ದ ಬಳ್ಳಿ

ಮಾರ್ಚ್ ೪, ಬೆಳಿಗ್ಗೆ
ಒದ್ದೆ ಬಟ್ಟೆಯಲ್ಲಿ ಬಳ್ಳಿಯ ಎಲೆ ಒರೆಸಿದೆ, ಒಂದೊಂದಾಗಿ. ನೀರು ಹಾಕಲಿಲ್ಲ — ಮಣ್ಣು ಒಣಗುವವರೆಗೆ ಹಾಕಕೂಡದೆಂದು ಅವಳ ಅಪ್ಪಣೆ. ಹಜಾರದ ಕಿಟಕಿಯ ಹತ್ತಿರದಿಂದ ಕುಂಡ ಅಲ್ಲಾಡಿಸಕೂಡದು, ಇದೂ ಅಪ್ಪಣೆ. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದವಳಿಗೆ ಗಂಡ ಉಂಡನೋ ಬಿಟ್ಟನೋ ಚಿಂತೆಯಿಲ್ಲ. ಮೇಣದಂಥ ಹೂ ಬಿಡುವ ಆ ಹೋಯಾ ಬಳ್ಳಿ ಹೇಗಿದೆ, ಅಷ್ಟೇ.
ಆಪರೇಷನ್ ಚೆನ್ನಾಗಿಯೇ ಆಯಿತು. ಆದರೂ ಕಾಲು ನೆಲಕ್ಕೆ ಊರಲೊಲ್ಲಳು. ಮತ್ತೆ ಬಿದ್ದೇನೆಂಬ ಭಯ. ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಹೇಳಿ ಹೇಳಿ ಸೋತಳು. ತಾನಾಗಿ ನಡೆಯುವವರೆಗೆ, ತಿಂಗಳುಗಳಾದರೂ, ಮನೆಗೆ ಕಳಿಸುವುದಿಲ್ಲವಂತೆ. ಹೀಗೇ ಹಾಸಿಗೆ ಹಿಡಿದುಬಿಟ್ಟರೆ... ಬರೆಯುವುದಿಲ್ಲ.

ಮಾರ್ಚ್ ೭, ಮಧ್ಯಾಹ್ನ
ನನ್ನ ಸಲೂನಿಗೆ ರಜ. ಕೈ ಸುಮ್ಮನಿರಲಿಲ್ಲ. ಬಳ್ಳಿಯ ಮೈತುಂಬ ಮೋಟು ಕಡ್ಡಿಗಳು — ಹೋದ ವರ್ಷ ಹೂ ಉದುರಿಸಿ ಉಳಿದ ತೊಟ್ಟುಗಳು. ಬೋಳಿಸದೆ ಬಿಟ್ಟ ಗಡ್ಡದ ಹಾಗೆ. ನನ್ನ ಕಣ್ಣು ಸಹಿಸುವಂಥದ್ದಲ್ಲ. ಕತ್ತರಿ ತಂದು ಎಲ್ಲ ಸವರಿದೆ. ಕೊಯ್ದಲ್ಲೆಲ್ಲ ಬಿಳಿ ಹಾಲು ತೊಟ್ಟಿಕ್ಕಿತು. ಅಭ್ಯಾಸಬಲ — ಗಿರಾಕಿಯ ಕೆನ್ನೆ ಗೀರಿದರೆ ಒತ್ತುವ ಪಟಿಕದ ಕಲ್ಲನ್ನೇ ಒತ್ತಿದೆ. ಈಗ ಲಕ್ಷಣವಾಗಿದೆ. ಫೋಟೊ ತೆಗೆದು ಅವಳಿಗೆ ಕಳಿಸಿದೆ. ಖುಷಿಪಡಲಿ.

ಸಂಜೆ
ಫೋನ್ ಬಂತು.
"ರೀ, ಆ ಕಡ್ಡಿಗಳೆಲ್ಲಿ?"
"ಒಣಕಲು ತಾನೆ. ತೆಗೆದೆ."
"ವರ್ಷ ವರ್ಷ ಹೂ ಬಿಡೋದು ಅದರಲ್ಲೇ ಕಣ್ರೀ. ಊರವರ ತಲೆ ಸಾಲದು ಅಂತ ನನ್ನ ಗಿಡಾನೂ ಬೋಳಿಸಿಬಿಟ್ರಾ?"
ಇಟ್ಟುಬಿಟ್ಟಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಊಟ ಸೇರಲಿಲ್ಲ.

ಮಾರ್ಚ್ ೮
ಫಿಸಿಯೋ ಹುಡುಗಿಯ ಫೋನ್. ಮತ್ತೆ ಬಿದ್ದಳೇನೋ ಎಂದುಕೊಂಡೇ ಎತ್ತಿದೆ.
"ಅಂಕಲ್, ನಿನ್ನೆ ಆಂಟಿಗೆ ಏನಂದ್ರಿ? ನಾನು ಹೋಗೋ ಹೊತ್ತಿಗೆ ಮಂಚದ ಅಂಚಲ್ಲಿ ಕೂತಿದ್ರು. ವಾಕರ್ ಕೊಡು ಇಲ್ಲಿ, ಆ ಮನುಷ್ಯನ ಕೈಗೆ ಗಿಡ ಬಿಟ್ಟು ಇನ್ನು ಇಲ್ಲಿರೋಕಾಗಲ್ಲ ಅಂದ್ರು. ಎದ್ದು ನಿಂತ್ರು ಅಂಕಲ್."
"ಇನ್ನೇನಾದರೂ ಕತ್ತರಿಸಬೇಕಾ ಕೇಳಮ್ಮ" ಎಂದೆ. ನಕ್ಕಳು. ನಾನು ಅಂಗಡಿಯ ಹಿಂದೆ ಹೋಗಿ ಅತ್ತೆ.

ಏಪ್ರಿಲ್ ೨೦
ಬಳ್ಳಿ ಎಲೆಯಿಲ್ಲದ ಉದ್ದ ಕುಡಿಯೊಂದನ್ನು ಚಾಚಿದೆ. ಗಾಳಿಯಲ್ಲಿ ತಡಕಾಡುತ್ತಿದೆ. ನೋಡಿದಾಗಲೆಲ್ಲ ಬೆರಳು ತುರಿಸುತ್ತದೆ. "ಕತ್ತರಿ ಮುಟ್ಟಿಸಿದ್ರೆ ನೋಡಿ ಮತ್ತೆ" ಅಂದಿದ್ದಾಳೆ. ಹೊಸ ಕಡ್ಡಿ ಹುಟ್ಟಿದರೆ ಅದರಲ್ಲೇ ಅಂತೆ. ಕಿಟಕಿಯ ಸರಳಿಗೆ ದಾರ ಕಟ್ಟಿ ಹಬ್ಬಿಸಿದೆ.
ವಾರ್ಡಿನ ಬಾಗಿಲವರೆಗೆ ನಡೆದಳಂತೆ. ದಾರಿಯುದ್ದಕ್ಕೂ ನನ್ನನ್ನು ಬೈದುಕೊಂಡೇ.

ಜೂನ್ ೧೪, ಮಧ್ಯಾಹ್ನ
ಮನೆಗೆ ಬಂದಳು. ಆಸ್ಪತ್ರೆಯಲ್ಲಿ ಓಡಾಡಿದವಳು ಹಜಾರದ ನುಣುಪು ನೆಲ ಕಂಡು — ಬಿದ್ದದ್ದು ಅಲ್ಲೇ ತಾನೆ — ಬೆವತುಬಿಟ್ಟಳು. ವಾಕರ್ ಬಿಟ್ಟು ನನ್ನ ಭುಜಕ್ಕೆ ಜೋತುಬಿದ್ದು ಮಂಚ ಸೇರಿದಳು. ಕುಡಿಯಲ್ಲಿ ಮೊಗ್ಗಿನ ಗೊಂಚಲು ಬಂದಿದೆ ಎಂದೆ. "ನಾಳೆ ನೋಡೋಣ ರೀ" ಎಂದು ಗೋಡೆಗೆ ತಿರುಗಿದಳು. ಇಷ್ಟು ದಿನದ ಪಾಡು ನೀರಲ್ಲಿ ಹೋಮವಾಯಿತೇ? ಕುಂಡವನ್ನೇ ಅವಳ ಬಳಿ ತಂದಿಡಲೇ ಎಂದುಕೊಂಡೆ. ಅಲ್ಲಾಡಿಸಿದರೆ ಮೊಗ್ಗು ಉದುರುತ್ತದೆ. ಸುಮ್ಮನಾದೆ.

ಸಂಜೆ
ಅಡುಗೆಮನೆಯಲ್ಲಿ ಬರೆಯುತ್ತಿದ್ದೇನೆ. ಒಳಗೆ ಮಂಚ ಕಿರುಗುಟ್ಟಿತು. ವಾಕರ್ ಸದ್ದು. ನನ್ನನ್ನು ಕರೆಯಲೇ ಇಲ್ಲ. ಓಡಿಹೋಗಿ ಹಿಡಿದುಕೊಳ್ಳಬೇಕು ಅನ್ನಿಸುತ್ತಿದೆ. ಬೇಡ. ಪೆನ್ನು ಹಿಡಿದಿರುವುದೇ ಕೈ ಸುಮ್ಮನಿರಲೆಂದು.
ಟಕ್. ನಿಂತಳು. ಉಸಿರು ಇಲ್ಲಿಯವರೆಗೂ ಕೇಳಿಸುತ್ತಿದೆ. ಮತ್ತೆ ಟಕ್. ಹಜಾರಕ್ಕೆ ಬಂದಳು. ಇನ್ನೊಂದು. ಕಿಟಕಿಯ ಹತ್ತಿರ ಸದ್ದು ನಿಂತಿತು.
"ರೀ, ಒಂದು ಅರಳಿದೆ. ಘಮ ಅಂತಿದೆ, ಬನ್ನಿ ಇಲ್ಲಿ."
"ಬಂದೆ ಕಣೇ" ಎಂದೆ. ಪೆನ್ನು ಕೆಳಗಿಡುತ್ತೇನೆ.