ಹೆಸರು ಕೇಳದ ಫೋನು

ತ್ಯಾಮಗೊಂಡ್ಲು
೯-೩-೧೯೯೨

ಹರ್ಷಿತಳ ಅಪ್ಪನಿಗೆ,

ನಿಮ್ಮ ಮುನಿಸಿನ ನಡುವೆಯೂ ನಾನು, ಮಗಳು ಚೆನ್ನಾಗಿದ್ದೇವೆ. ಮೊದಲು ಸುದ್ದಿ ಕೇಳಿ, ಆಮೇಲೆ ಬೇಕಾದಷ್ಟು ಮುನಿಸಿಕೊಳ್ಳಿ. ನಮ್ಮೂರಿಗೆ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜ್ ಬಂದಿದೆ! ಬೀರುವಿನಷ್ಟು ದೊಡ್ಡ ಯಂತ್ರ, ಮೈತುಂಬ ಪುಟ್ಟ ಪುಟ್ಟ ದೀಪ. ವೈರು ಚುಚ್ಚಿ ಲೈನ್ ಕೊಡುವವರು ಯಾರೂ ಬೇಡ. ಖಾಸಿಂ ಸಾಹೇಬರು ಬಸ್‌ಸ್ಟ್ಯಾಂಡಿನಲ್ಲಿ ಎಸ್.ಟಿ.ಡಿ. ಬೂತ್ ತೆರೆದಿದ್ದಾರೆ. ಇಲ್ಲಿ ನಂಬರ್ ಒತ್ತಿದರೆ ಹಾಸನದಲ್ಲಿ ಗಂಟೆ ಹೊಡೆಯುತ್ತದೆ. ಸರ್ಕಾರದ ಕೆಲಸ ಇಷ್ಟು ಬೇಗ ಆಗುವುದನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ನನಗೊಂದು ಮಾತು ಹೇಳದೆ ಹಾಸನಕ್ಕೆ ವರ್ಗ ಮಾಡಿಸಿಕೊಂಡಿರೆಂದು ಸಿಟ್ಟಾಗಿ ತವರಿಗೆ ಬಂದವಳು ನಾನೇ, ಒಪ್ಪಿದೆ. ಆದರೆ “ನಾನು ಬೇಕಾಗಿದ್ದರೆ ನೀನು ಒಂದು ಫೋನಾದರೂ ಮಾಡುತ್ತಿದ್ದೆ, ಯುಗಾದಿಯೊಳಗೆ ಉತ್ತರ ಬಾರದಿದ್ದರೆ ಇಲ್ಲಿ ನಮಗೆಂದು ಬಾಡಿಗೆಗೆ ಹಿಡಿದ ಮನೆ ಬಿಟ್ಟುಬಿಡುತ್ತೇನೆ” ಎಂದು ಬರೆದಿರಲ್ಲ, ಅದು ಅನ್ಯಾಯ. ಎರಡು ಸಲ ಪೋಸ್ಟಾಫೀಸಿನವರೆಗೆ ಹೋಗಿ ವಾಪಸ್ಸು ಬಂದಿದ್ದೇನೆ. ಟ್ರಂಕ್ ಕಾಲ್ ಬುಕ್ ಮಾಡಲು ಅತ್ತ ಕಡೆಯವರ ಹೆಸರು ಹೇಳಬೇಕು. ಪೋಸ್ಟ್‌ಮಾಸ್ಟರ್ ಗೋಪಾಲಪ್ಪ “ಯಾರ್ ಹೆಸ್ರಿಗಮ್ಮಾ? ಜೋರಾಗ್ ಹೇಳು” ಎನ್ನುತ್ತಾರೆ. ಬೆಂಚಿನ ತುಂಬ ಜನ. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅಮ್ಮ ಹೇಳಿಕೊಟ್ಟದ್ದು ನೆನಪಾಗಿ ಎರಡು ಸಲವೂ ಹೆಸರು ಹೇಳದೆ ತಿರುಗಿದೆ. ತಮ್ಮನ ಕೈಲಿ ಹೇಳಿಸಬಹುದಿತ್ತು ಎನ್ನುತ್ತೀರಿ. ನಮ್ಮ ಜಗಳಕ್ಕೆ ಅವನೇಕೆ ವಕೀಲ?

ಈ ಹೊಸ ಫೋನಿಗೆ ಬರೀ ನಂಬರ್ ಸಾಕು, ಹೆಸರು ಬೇಡ ಎಂದು ತಿಳಿದಾಗ ಕುಣಿಯುವುದೊಂದು ಬಾಕಿ! ಇವತ್ತು ಬೆಳಿಗ್ಗೆ ಬೂತಿಗೆ ಓಡಿದೆ. ಒತ್ತಿದೆ. ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟವಾಗಿ ದನಿ ಬಂತು. ನಿಮ್ಮ ಆಫೀಸಿಗೆ ಹೊಸದಾಗಿ ಬಂದ ಗುಮಾಸ್ತರಂತೆ, ಜವರಪ್ಪ.

“ಯಾರ್ ಬೇಕಮ್ಮಾ?” ಎಂದರು.

ಇದೊಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ ನೋಡಿ! “ಅವ್ರು ಬೇಕಿತ್ತು” ಎಂದೆ.

“ಯಾವ್ ಅವ್ರಮ್ಮ? ಇಲ್ಲಿರೋರೆಲ್ಲಾ ಅವ್ರೇ.”

“ಹರ್ಷಿತಳ ಅಪ್ಪ” ಎಂದೆ. ಪಾಪ, ಅವರಿಗೇನು ಗೊತ್ತು! ಮೀಟರಿನ ಕೆಂಪು ಅಂಕಿಗಳು ಓಡುತ್ತಲೇ ಇವೆ. ಅವರು ಇನ್ನೇನು ಫೋನ್ ಇಡಬೇಕು, ಕಣ್ಣು ಮುಚ್ಚಿ “ದೇವೇಂದ್ರ!” ಎಂದು ಕೂಗಿಬಿಟ್ಟೆ. ಗಾಜಿನಾಚೆ ಖಾಸಿಂ ಸಾಹೇಬರು ಬೆಚ್ಚಿದರು. ನೀವು ಕ್ಯಾಂಪಿಗೆ ಹೋಗಿದ್ದೀರಂತೆ, ಶುಕ್ರವಾರ ಬರುತ್ತೀರಂತೆ. “ಮನೆ ಬಿಡ್ಬೇಡಿ ಅಂತ ಅವ್ರಿಗೆ ಹೇಳಿ” ಎಂದವಳೇ ಗಾಬರಿಯಲ್ಲಿ ಫೋನ್ ಇಟ್ಟುಬಿಟ್ಟೆ. ನಾನು ಯಾರು ಎಂದು ಹೇಳುವುದನ್ನೇ ಮರೆತೆ.

ಅದಕ್ಕೇ ಈ ಪತ್ರ. ನಿಮ್ಮ ಹೆಸರನ್ನು ಏಕವಚನದಲ್ಲಿ ಕೂಗಿದ ಹೆಂಗಸು ಯಾರೆಂದು ಆಫೀಸಿನವರು ನಗುತ್ತಿದ್ದರೆ, ನನ್ನ ಹೆಂಡತಿ ಎಂದು ಧೈರ್ಯವಾಗಿ ಹೇಳಿ. ನಿಮ್ಮ ಆಯಸ್ಸಿಗೆ ಏನೂ ಆಗುವುದಿಲ್ಲ, ನಾನಿದ್ದೇನೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಬರುತ್ತೇವೆ, ಬಸ್‌ಸ್ಟ್ಯಾಂಡಿಗೆ ಬನ್ನಿ.

ಇಂತಿ ನಿಮ್ಮ
ಶಾಮಲಾ

ಮರೆತ ಮಾತು: ಶುಕ್ರವಾರ ಮತ್ತೆ ಫೋನ್ ಮಾಡಬಹುದಲ್ಲ ಎಂದು ಅಮ್ಮ ಕೇಳಿದಳು. ದುಡ್ಡು ದಂಡ ಎಂದೆ. ನಿಜ ಅದಲ್ಲ. ನೀವೇ ಎತ್ತಿಕೊಂಡರೆ ನನಗೆ ಮಾತು ಬರುವುದಿಲ್ಲ, ಅಳು ಬರುತ್ತದೆ.