ದೈವಾಧೀನರಾದವರ ಹಾಲಿ ವಿಳಾಸ

ಕೌಂಟಿಯ ಮಾನ್ಯ ಕಲ್ಯಾಣಾಧಿಕಾರಿಗಳೇ,

ಸತ್ತ ಮನುಷ್ಯನ ಹಾಲಿ ವಿಳಾಸ ಒದಗಿಸಲಿಲ್ಲವೆಂಬ ಕಾರಣಕ್ಕೆ, ಅವನ ಹೆಂಡತಿಗೂ ಮಗಳಿಗೂ ಸಲ್ಲಬೇಕಾದ ತಿಂಗಳ ನೆರವನ್ನು ನಿಮ್ಮ ಕಚೇರಿ ತಡೆಹಿಡಿದಿದೆ. ವಿಳಾಸ ನನಗೆ ಗೊತ್ತು. ಕಳೆದ ವರ್ಷ, ಅಂದರೆ ಎಂಬತ್ತೈದರಲ್ಲಿ, ಮಂಡ್ಯದ ಕಡೆಯ ಒಂದು ಹೊಲದ ಬದುವಿನಲ್ಲಿ ಹೊಂಗೆ ಮರದ ಕೆಳಗೆ ಅವನನ್ನು ಮಣ್ಣು ಮಾಡಿದ್ದಾರೆ. ಪಿನ್‌ಕೋಡ್ ಬೇಕಿದ್ದರೆ ತರಿಸಿಕೊಡುತ್ತೇನೆ. ಆದರೆ ನೀವು ಕಳಿಸುವ ನೋಟಿಸನ್ನು ಅಲ್ಲಿ ಸಹಿ ಹಾಕಿ ತೆಗೆದುಕೊಳ್ಳುವವರು ಯಾರೂ ಇಲ್ಲವೆಂದು ಮೊದಲೇ ಹೇಳಿಬಿಡುವುದು ವ್ಯಾಪಾರಸ್ಥನಾದ ನನ್ನ ಕರ್ತವ್ಯ.

ನಾನು ಈ ಕ್ಯಾಲಿಫೋರ್ನಿಯಾದ ಬೆರ್ರಿಯೆಸಾದಲ್ಲಿ ದಿನಸಿ ಅಂಗಡಿ ನಡೆಸುವವನು. ಹಾಸನದಲ್ಲಿ ಎಸ್ಸೆಸ್ಸೆಲ್ಸಿ ಫೇಲಾಗಿ, ಹೋಟೆಲಿನ ಅಡುಗೆಯವನಾಗಿ ಈ ದೇಶಕ್ಕೆ ಬಂದು, ಈಗ ಸಿರಿವಂತರ ಊರಾದ ಲಾಸ್ ಆಲ್ಟೋಸ್‌ನ ಡಾಕ್ಟರುಗಳ ಮನೆಗೂ ಹುಣಿಸೆಹಣ್ಣು ಒದಗಿಸುವ ಮಟ್ಟಕ್ಕೆ ಏರಿದ್ದೇನೆ. ಖಾಲಿಯಾದ ಮೂಟೆಯನ್ನು ದಾಸ್ತಾನಿನಲ್ಲಿದೆ ಎಂದು ತೋರಿಸಿದರೆ ನನ್ನನ್ನು ವಂಚಕ ಎನ್ನುತ್ತಾರೆ. ಅದೇ ಕೆಲಸ ನಿಮ್ಮಲ್ಲಿ ನಡೆದರೆ ಅದಕ್ಕೆ ‘ಕುಟುಂಬದ ಕಡತ’ ಎಂದು ಹೆಸರು. ಹನುಮಂತರಾಜು ಎಂಬ ಫ್ಯಾಕ್ಟರಿ ಕೆಲಸಗಾರನ ಮನೆಯ ಕಡತವನ್ನು ನೀವು ತೆರೆದದ್ದು ಎಂಬತ್ತೆರಡರಲ್ಲಿ, ಅವನ ಕೆಲಸ ಹೋಗಿ ಕೆಲವು ದಿನ ಆಹಾರದ ಕೂಪನ್ನು ಪಡೆದಾಗ. ಮತ್ತೆ ಕೆಲಸ ಸಿಕ್ಕಿತು; ಅವನ ಸಂಬಳವನ್ನು ಬರೆದುಕೊಂಡಿರಿ. ಅಲ್ಲಿಗೆ ನಿಮ್ಮ ಲೇಖನಿ ನಿಂತಿತು. ಅವನು ಅಣ್ಣನ ಮನೆಯ ಏನೋ ಕೆಲಸಕ್ಕೆಂದು ಒಬ್ಬನೇ ಊರಿಗೆ ಹೋದವನು ಅಲ್ಲೇ ಎದೆನೋವಿಂದ ಹೋದ. ಅವನ ಎದೆ ನಿಂತ ಮೇಲೂ ನಿಮ್ಮ ಕಡತದಲ್ಲಿ ಅವನ ಸಂಬಳ ನಿಲ್ಲಲಿಲ್ಲ. ಅವನ ಹೆಂಡತಿ ಭದ್ರಮ್ಮ ನೆರವು ಕೇಳಲು ಬಂದರೆ, ‘ಮನೆಗೆ ಸಾಕಷ್ಟು ಆದಾಯವಿದೆ’ ಎಂದು ಉತ್ತರ ಕೊಟ್ಟಿರಿ.

ಹಾಗಾದರೆ ಅವರ ಹೆಸರು ತೆಗೆಯಿರಿ ಎಂದಳು ಆಕೆ. ಕಡತ ತಿದ್ದಲು ಕುಟುಂಬದ ಯಜಮಾನರ ಸಹಿ ಬೇಕೆಂದಿರಿ. ಈ ನಿಯಮ ಬರೆದ ಪುಣ್ಯಾತ್ಮರಿಗೆ ಯಜಮಾನನೂ ಒಂದು ದಿನ ಸಾಯಬಹುದೆಂದು ಹೊಳೆಯಲಿಲ್ಲವೇ? ಅಥವಾ ನಿಮ್ಮ ದಾಖಲೆಗಳಲ್ಲಿ ಸಾವೂ ಗಂಡನ ಅಪ್ಪಣೆ ಪಡೆದೇ ನಡೆಯಬೇಕೆ?

ನಿಮ್ಮ ಗುಮಾಸ್ತರ ಪರವಾಗಿಯೂ ಒಂದು ಮಾತು ಹೇಳುತ್ತೇನೆ, ತಕ್ಕಡಿ ಹಿಡಿದವನು ಎರಡು ತಟ್ಟೆಯನ್ನೂ ನೋಡಬೇಕು. ಅವರೆದುರು ಭದ್ರಮ್ಮ ಆಡಿದ್ದು ತನಗೆ ಬರುವ ನಾಲ್ಕು ಮಾತಿನ ಇಂಗ್ಲಿಷಿನಲ್ಲಿ: ‘ಮೈ ಹಸ್ಬೆಂಡು ಗಾನ್, ಸರ್.’ ಎಲ್ಲಿಗೆ ಎಂದು ಅವರು ಕೇಳಿದರು. ಈಕೆ ಮೇಲಕ್ಕೆ ಕೈ ತೋರಿಸಿದಳು. ಬೇರೆ ರಾಜ್ಯಕ್ಕೋ ಎಂದು ಕೇಳಿದರಂತೆ. ನಮ್ಮಲ್ಲಿ ಗಂಡ ಸಾಯುವುದಿಲ್ಲ ಸ್ವಾಮಿ, ಹೋಗುತ್ತಾನೆ, ಹೋಗಿಬಿಡುತ್ತಾನೆ, ಇಲ್ಲವಾಗುತ್ತಾನೆ. ಇನ್ನೊಂದು ಮಾತನ್ನು ಆಡಲು ಹೆಂಡತಿಗೆ ನಾಲಗೆ ಬರುವುದಿಲ್ಲ. ನಾನೇ ಹೇಳಿಕೊಟ್ಟೆ: ‘ಡೆಡ್ಡು ಅನ್ನವ್ವ. ಸಣ್ಣ ಮಾತು, ಒಂದ್ಸಲ ಅಂದ್ಬಿಟ್ರೆ ಮುಗೀತು.’

‘ಸತ್ತ ನಾಯಿಗೂ ಅದೇ ಮಾತ ಆಡ್ತಾರಲ್ಲಣ್ಣ ಇಲ್ಲಿ, ರೋಡಲ್ಲಿ ಬಿದ್ದಿದ್ರೆ. ನಮ್ಮನೆಯವ್ರಿಗೆ ಯೆಂಗಂದೇನು?’ ಎಂದಳು.

ಸರಿ, ಊರಿಂದ ಕಾಗದ ತರಿಸಿದೆವು. ಶಾನುಭೋಗರ ಮನೆತನದ ಅಕ್ಷರ, ಮುತ್ತಿನಂತಿತ್ತು: ‘ಶ್ರೀಯುತರು ದೈವಾಧೀನರಾದರು.’ ಪಾಲೋ ಆಲ್ಟೋದ ಯೂನಿವರ್ಸಿಟಿಯಲ್ಲಿ ಓದುತ್ತಾ ನಮ್ಮ ಅಂಗಡಿಗೆ ಬಂದುಹೋಗುವ ಅರವಿಂದ ಅದನ್ನು ಇಂಗ್ಲಿಷು ಮಾಡಿಕೊಟ್ಟ. ಪಾಪ, ಬಹಳ ಶ್ರದ್ಧೆಯ ಹುಡುಗ, ಒಂದು ಪದವನ್ನೂ ಕಳೆಯಲಿಲ್ಲ. ‘ಮಾನ್ಯರು ದೇವರ ಅಧೀನಕ್ಕೆ ಒಳಪಟ್ಟರು’ ಎಂದಾಯಿತು. ನಿಮ್ಮ ಗುಮಾಸ್ತರು ಅದನ್ನು ಓದಿ ತಲೆಯಾಡಿಸಿದರು. ಕಾವಿ ಸುತ್ತಿಕೊಂಡು ಆಶ್ರಮ ಸೇರುವವರನ್ನು ಈ ಕ್ಯಾಲಿಫೋರ್ನಿಯಾದಲ್ಲಿ ಅವರು ದಿನಾ ನೋಡುತ್ತಾರಲ್ಲ. ‘ಪತಿ ಸಂಸಾರ ತೊರೆದು ಆಶ್ರಮ ಸೇರಿದ್ದಾರೆ’ ಎಂದು ಬರೆದುಕೊಂಡರು. ನಾಲ್ಕು ವರ್ಷದಿಂದ ಅಲುಗದ ಕಡತ ಅಂದು ಅಲುಗಿತು, ಹನುಮಂತರಾಜುವನ್ನು ಸನ್ಯಾಸಿ ಮಾಡಲಿಕ್ಕೆ. ತಿದ್ದುವುದಕ್ಕೆ ಯಜಮಾನರ ಸಹಿ ಬೇಕಿತ್ತು, ತಪ್ಪು ಬರೆಯುವುದಕ್ಕೆ ಬೇಡವಾಯಿತೇ?

ಇಷ್ಟೇ ಆಗಿದ್ದರೆ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಹೇಳಿ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನೀವು ಅದನ್ನು ಪತ್ರ ಬರೆದು ಮನೆಗೆ ಕಳಿಸಿದಿರಿ. ಮಗುವಿನ ಖರ್ಚನ್ನು ತಂದೆಯಿಂದ ವಸೂಲು ಮಾಡಬೇಕು, ಆಶ್ರಮದ ವಿಳಾಸ ಕೊಡಿ, ಕೊಡುವ ತನಕ ನೆರವಿಲ್ಲ ಎಂದು. ಭದ್ರಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಆ ಮನೆಯಲ್ಲಿ ಕಾಗದ ಓದುವವಳು ಮೂರನೇ ಗ್ರೇಡಿನ ಮಗಳು ರಮಾ. ಅಪ್ಪನ ಮುಖವನ್ನು ಕೊನೆಗೆ ಅವಳು ನೋಡಿದ್ದು ಏರ್‌ಪೋರ್ಟಿನಲ್ಲಿ. ಮಣ್ಣಿಗೆ ಹೋಗಲು ತಾಯಿಯ ಕೈಲೂ ಆಗಿರಲಿಲ್ಲ. ಅಪ್ಪ ದೇವರ ಹತ್ತಿರ ಹೋದರು ಎಂದಷ್ಟೇ ಅವಳಿಗೆ ಹೇಳಿದ್ದರು.

ನಾನು ಅಕ್ಕಿ ಇಳಿಸಲು ಹೋದಾಗ ಅವಳು ಪತ್ರವನ್ನು ಅಮ್ಮನ ಮುಖಕ್ಕೆ ಹಿಡಿದು ನಿಂತಿದ್ದಳು. ‘ಲುಕ್, ಇಲ್ಲಿ ಇದೆ. ಡ್ಯಾಡಿ ಈಸ್ ಇನ್ ಆನ್ ಆಶ್ರಮ್. ದೇವರ ಹತ್ರ ಅಂದ್ರೆ ಅದೇನಾ? ವೈ ಡಿಡಂಟ್ ಯೂ ಟೆಲ್ ಮಿ? ನಮ್ಮನ್ನ ಯಾಕೆ ಕರ್ಕೊಂಡ್ ಹೋಗ್ಲಿಲ್ಲ?’

‘ಇಲ್ಲ ಕಣವ್ವ, ಅಪ್ಪ ಹೋಗ್ಬುಟ್ರು.’

‘ಐ ನೋ ಹೀ ವೆಂಟ್. ವೇರ್?’

ಆಗ ಭದ್ರಮ್ಮ ಆ ಮಾತನ್ನು ಆಡಿದಳು. ‘ಸತ್ತೋದ್ರು ಕಣೇ. ನಿಮ್ಮಪ್ಪ ಸತ್ತೋದ್ರು.’ ನಿಮ್ಮ ಕೌಂಟರಿನಲ್ಲಿ ಮನೆ ಬಾಡಿಗೆಯ ಹಣಕ್ಕೋಸ್ಕರವೂ ಆಡದ ಮಾತನ್ನು ಮಗಳ ಎದುರು ಆಡಿ, ಅಕ್ಕಿ ಮೂಟೆಯ ಮೇಲೆ ಕುಸಿದಳು. ಮಗು ಅಮ್ಮನನ್ನು ನೋಡಿತು, ಪತ್ರದ ಮೇಲಿನ ನಿಮ್ಮ ಲಾಂಛನವನ್ನು ನೋಡಿತು, ‘ಯೂ ಆರ್ ಲೈಯಿಂಗ್’ ಎಂದಿತು. ಈಗ ಅವಳು ದಿನವೂ ಶಾಲೆಯಿಂದ ಬಂದು ಅಪ್ಪನಿಗೆ ಪತ್ರ ಬರೆಯುತ್ತಾಳೆ. ಅಂಚೆಗೆ ಹಾಕಲು ವಿಳಾಸ ಕೇಳುತ್ತಾಳೆ. ವಿಳಾಸ ಕೇಳುವವರು ಈಗ ನೀವಿಬ್ಬರಾದಿರಿ.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ರಿಜಿಸ್ಟರ್ ಅಂಚೆಯಲ್ಲಿ ನಿಮಗೆ ಕಳಿಸಿದ್ದೇನೆ. ಅದರಲ್ಲಿ ಎಲ್ಲೂ ದೇವರನ್ನು ಎಳೆದು ತಂದಿಲ್ಲ. ಇದನ್ನು ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿರುವುದು ನಮ್ಮ ಹೆಣ್ಣುಮಕ್ಕಳು ಓದಲೆಂದು. ಅವರ ಹೆಸರೂ ಯಾರದೋ ಕಡತದಲ್ಲಿ ಯಜಮಾನರ ಕೆಳಗೆ ಕೂತಿರುತ್ತದೆ.

ತಡೆಹಿಡಿದ ನೆರವನ್ನು ಬಾಕಿ ಸಮೇತ ಕೊಡಿ. ಹನುಮಂತರಾಜುವನ್ನು ಕಡತದಿಂದ ತೆಗೆದು, ಭದ್ರಮ್ಮನನ್ನು ಅವಳ ಮನೆಗೆ ಯಜಮಾನಿ ಎಂದು ಬರೆಯಿರಿ. ಇವನ್ನು ನಿಮ್ಮಿಂದ ಹೇಗೆ ಪಡೆಯಬೇಕೆಂದು ವಕೀಲರಿಗೆ ಗೊತ್ತು. ವಕೀಲರಿಂದಾಗದ ಕೆಲಸ ಒಂದಿದೆ. ಅದೇ ಲಾಂಛನದ ಕಾಗದದಲ್ಲಿ, ರಮಾಳ ಹೆಸರಿಗೆ, ಮೂರನೇ ಗ್ರೇಡಿನ ಮಗುವಿಗೆ ತಿಳಿಯುವ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯಿರಿ: ನಿನ್ನ ಅಪ್ಪ ತೀರಿಕೊಂಡಿದ್ದಾರೆ, ತಪ್ಪು ಬರೆದದ್ದು ನಾವು, ನಿನ್ನ ಅಮ್ಮ ಹೇಳಿದ್ದು ನಿಜ.

ಇಂತಿ,
ತಾನು ಬದುಕಿರುವುದನ್ನು ಯಾವ ಕಚೇರಿಯಲ್ಲೂ ಇನ್ನೂ ದೃಢೀಕರಿಸಿಕೊಳ್ಳದ
ದೇವೇಂದ್ರಪ್ಪ, ದಿನಸಿ ವ್ಯಾಪಾರಿ